ರೋಹಿಣಿಯ ನೇರಕ್ಕೆ, ದಕ್ಷಿಣದಲ್ಲಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದರು. ಶಾಲೆಯ ಇತಿಹಾಸವನ್ನು ನನಗಿಂತ ಹಿರಿಯರಾದ ವಿದ್ಯಾರ್ಥಿಗಳು, ನಿವೃತ್ತ ಮೇಷ್ಟ್ರುಗಳು ಬರೆಯುತ್ತಿದ್ದಾರೆ. ಊರಿನ ಇತಿಹಾಸ ಬರೆಯುವಷ್ಟು ಶಾಸನದ ಜ್ಞಾನ ನನಗಿಲ್ಲ. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದ್ದರಿಂದ ನಮ್ಮ ಶಾಲೆಯ ಮೈದಾನದಿಂದ ಬರಿಗಣ್ಣಿಗೆ ಕಾಣುವ, ಆದರೆ ನಮ್ಮಲ್ಲಿ ಯಾರೂ ಹೆಸರಿಟ್ಟು ಕರೆಯದ ಒಂದು ನಕ್ಷತ್ರದ ಇತಿಹಾಸವನ್ನು ಬರೆಯುತ್ತೇನೆ. ಅದರಲ್ಲಿ ನಮ್ಮ ಸೀಮೆಗೂ ಪಾಲಿದೆ.

ಮೊದಲು ಎಲ್ಲರಿಗೂ ಗೊತ್ತಿರುವ ನಕ್ಷತ್ರದಿಂದ ಶುರು ಮಾಡೋಣ. ರೋಹಿಣಿ ಮಳೆ ಎಂದರೆ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನವರಿಗೂ, ಕೋಟೆಯ ಕಡೆಯ ಹತ್ತಿ, ರಾಗಿಯವರಿಗೂ, ಕೆ.ಆರ್. ನಗರದ ನಾಲೆ ಬಯಲಿನ ಭತ್ತದವರಿಗೂ ವಿವರಿಸಬೇಕಾಗಿಲ್ಲ. ಸೂರ್ಯ ರೋಹಿಣಿಯ ಭಾಗದಲ್ಲಿ ಇರುವ ಮೇ ತಿಂಗಳ ಕೊನೆ, ಜೂನ್ ಮೊದಲ ವಾರದ ಮಳೆ ಅದು. ಆಗ ರೋಹಿಣಿ ಸೂರ್ಯನ ಬೆಳಕಿನಲ್ಲಿ ಮುಳುಗಿರುವುದರಿಂದ ಮಳೆಯ ಹೆಸರು ಬಾಯಲ್ಲಿದ್ದರೂ ನಕ್ಷತ್ರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋಡಬೇಕಾದರೆ ಚಳಿಗಾಲ ಬರಬೇಕು. ಜನವರಿಯ ರಾತ್ರಿ ನೆತ್ತಿಯ ಮೇಲೆ ಕೆಂಡದ ಬಣ್ಣಕ್ಕೆ ತಿರುಗಿದ ಒಂದು ದೊಡ್ಡ ಚುಕ್ಕಿ ಕಾಣುತ್ತದಲ್ಲ, ಅದೇ ರೋಹಿಣಿ. ಖಗೋಳ ವಿಜ್ಞಾನದವರು ಅದನ್ನು ಕಿತ್ತಳೆ ದೈತ್ಯ ಎನ್ನುತ್ತಾರೆ. ಸೂರ್ಯನಿಗಿಂತ ಮೈ ತಂಪು, ಆದರೆ ಗಾತ್ರ ಸೂರ್ಯನ ವ್ಯಾಸದ 40 ಪಟ್ಟಿಗೂ ಮಿಕ್ಕಿದ್ದು. ನಮ್ಮ ಸ್ವಾತಿಯೂ ಇದೇ ಜಾತಿಯದು.

ಈಗ ರೋಹಿಣಿಯಿಂದ ನೇರವಾಗಿ ದಕ್ಷಿಣಕ್ಕೆ ಕಣ್ಣು ಇಳಿಸಿ. ನೆತ್ತಿಗೂ ದಿಗಂತಕ್ಕೂ ಅರ್ಧ ದಾರಿಗಿಂತ ಸ್ವಲ್ಪ ಕೆಳಗೆ, ಸುತ್ತಲೂ ಹೆಚ್ಚೇನೂ ಇಲ್ಲದ ಜಾಗದಲ್ಲಿ ಒಂದು ಸಾಧಾರಣ ಚುಕ್ಕಿ ಇದೆ. ಅದೂ ಕಿತ್ತಳೆ ದೈತ್ಯವೇ. ಸೂರ್ಯನ ವ್ಯಾಸದ ಸುಮಾರು 11 ಪಟ್ಟು ಗಾತ್ರ, ಸುಮಾರು 40 ಪಟ್ಟು ಬೆಳಕು. ಇರುವುದು ಸುಮಾರು 115 ಜ್ಯೋತಿರ್ವರ್ಷ ದೂರದಲ್ಲಿ. ಎಂದರೆ ಇಂದು ನಮ್ಮ ಕಣ್ಣಿಗೆ ಬೀಳುವ ಅದರ ಬೆಳಕು ಅಲ್ಲಿಂದ ಹೊರಟಾಗ ಇಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗುವ ಕಾಲ, 1911ರ ಆಸುಪಾಸು. ಅದರ ಹೆಸರು ಆಲ್ಫಾ ಹೊರೊಲೋಜಿ. ಹೊರೊಲೋಜಿಯಂ ಎಂದರೆ ಲ್ಯಾಟಿನ್ನಿನಲ್ಲಿ ಗಡಿಯಾರ. ಗಡಿಯಾರ ಎಂಬ ಆ ನಕ್ಷತ್ರಪುಂಜದಲ್ಲಿ ಸ್ವಲ್ಪವಾದರೂ ಎದ್ದು ಕಾಣುವುದು ಇದೊಂದೇ. ಉಳಿದವನ್ನು ಕಾಣಲು ಒಳ್ಳೆಯ ಕತ್ತಲೆಯೂ ಒಳ್ಳೆಯ ಕಣ್ಣೂ ಬೇಕು.

ಒಂದೇ ಸಾಲಿನಲ್ಲಿರುವ, ಒಂದೇ ಜಾತಿಯ ಎರಡು ನಕ್ಷತ್ರಗಳಲ್ಲಿ ಒಂದಕ್ಕೆ ಸಾವಿರಾರು ವರ್ಷದ ಹೆಸರು, ಕಥೆ, ಮಳೆ ಎಲ್ಲ ಇದೆ. ಇನ್ನೊಂದಕ್ಕೆ ನಮ್ಮ ಭಾಷೆಯಲ್ಲಿ ಹೆಸರೇ ಇಲ್ಲ. ಬೆಳಕು ಕಡಿಮೆ ಎಂಬುದು ಒಂದು ಕಾರಣ, ಆದರೆ ಮುಖ್ಯ ಕಾರಣ ಚಂದ್ರ. ನಮ್ಮ 27 ನಕ್ಷತ್ರಗಳು ಚಂದ್ರ ತಿಂಗಳು ತಿಂಗಳೂ ಹಾದುಹೋಗುವ ದಾರಿಯ ಮೈಲಿಗಲ್ಲುಗಳು. ದಕ್ಷಪ್ರಜಾಪತಿಯ 27 ಹೆಣ್ಣುಮಕ್ಕಳಲ್ಲಿ ಚಂದ್ರನಿಗೆ ರೋಹಿಣಿಯ ಮೇಲೆ ಹೆಚ್ಚು ಪ್ರೀತಿ ಎಂಬ ಕಥೆ ಹುಟ್ಟಿದ್ದೂ ಆ ದಾರಿಯಲ್ಲೇ. ಪಂಚಾಂಗಕ್ಕೆ ಬೇಕಾದದ್ದು ಆ ದಾರಿ ಮಾತ್ರ. ದಕ್ಷಿಣದ ತಗ್ಗಿನಲ್ಲಿ ಚಂದ್ರ ಎಂದೂ ಹೋಗುವುದಿಲ್ಲ. ಅಲ್ಲಿ ಕಣ್ಣು ಕುಕ್ಕುವಂತೆ ಹೊಳೆಯುವ ಅಗಸ್ತ್ಯನಿಗೆ ನಮ್ಮ ಹಿರಿಯರು ಹೆಸರು ಕೊಟ್ಟರು. ಮಂಕು ಚುಕ್ಕಿಗಳನ್ನು ಹಾಗೇ ಬಿಟ್ಟರು.

ಹಾಗಾದರೆ ಗಡಿಯಾರ ಎಂದು ಹೆಸರಿಟ್ಟವರು ಯಾರು? ನಿಕೊಲಾ ಲೂಯಿ ದ ಲಕಾಯ್ ಎಂಬ ಫ್ರೆಂಚ್ ಪಾದ್ರಿ. ಗಣಿತದಲ್ಲಿ ಗಟ್ಟಿಗ. ಆತನ ಊರಾದ ಪ್ಯಾರಿಸ್ಸಿನಲ್ಲಿ ಈ ನಕ್ಷತ್ರ ಹುಟ್ಟುವುದೇ ಇಲ್ಲ. ಸುಮಾರು 1 ಡಿಗ್ರಿಯ ಅಂತರದಲ್ಲಿ ದಿಗಂತದ ಕೆಳಗೇ ಉಳಿದುಬಿಡುತ್ತದೆ. ಲಂಡನ್ನಿನವರಿಗೆ ಇನ್ನೂ ಆಳ. ಯುರೋಪಿನ ನಕ್ಷತ್ರ ನಕ್ಷೆಗಳಲ್ಲಿ ದಕ್ಷಿಣದ ಒಂದು ದೊಡ್ಡ ಭಾಗ ಹೀಗೆ ಅರೆಬರೆಯಾಗಿಯೇ ಇತ್ತು. ಅದನ್ನು ತುಂಬಲೆಂದು ಲಕಾಯ್ ಹಡಗು ಹತ್ತಿ 1751ರಲ್ಲಿ ಆಫ್ರಿಕಾದ ತುದಿಯ ಕೇಪ್ ಟೌನ್‌ಗೆ ಬಂದ. ಆತನ ಮುಖ್ಯ ದೂರದರ್ಶಕದ ಗಾಜು ಅರ್ಧ ಅಂಗುಲದಷ್ಟು ಅಗಲದ್ದು, ಹಿಗ್ಗಿಸುತ್ತಿದ್ದುದು 8 ಪಟ್ಟು. ಇಂದು ಮೈಸೂರಿನ ಅಂಗಡಿಯಲ್ಲಿ ಸಿಗುವ ಬೈನಾಕ್ಯುಲರ್ ಇದಕ್ಕಿಂತ ಎಷ್ಟೋ ಮೇಲು. ಅಷ್ಟರಲ್ಲೇ ಆತ ಒಂದು ವರ್ಷದೊಳಗೆ ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ ನಕ್ಷತ್ರಗಳ ಸ್ಥಾನ ಬರೆದುಕೊಂಡ.

ಅದು ಹೇಗೆ ಸಾಧ್ಯವಾಯಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ದೂರದರ್ಶಕವನ್ನು ದಕ್ಷಿಣೋತ್ತರ ರೇಖೆಯ ಮೇಲೆ ಬಿಗಿಯಾಗಿ ನಿಲ್ಲಿಸಿಬಿಡುವುದು. ಅದನ್ನು ಅಲುಗಾಡಿಸುವ ಹಾಗಿಲ್ಲ. ಭೂಮಿ ತಿರುಗುವುದರಿಂದ ನಕ್ಷತ್ರಗಳೇ ಒಂದೊಂದಾಗಿ ಅದರ ಮುಂದೆ ಹಾದುಹೋಗುತ್ತವೆ. ಕಣ್ಣಿಡುವ ಕಡೆ ವಜ್ರದಾಕಾರದ ಒಂದು ಕಟ್ಟು ಕೂರಿಸಿರುತ್ತದೆ. ನಕ್ಷತ್ರ ಅದರ ಒಂದು ಅಂಚಿನಿಂದ ಒಳಗೆ ಬಂದದ್ದೆಷ್ಟು ಹೊತ್ತಿಗೆ, ಇನ್ನೊಂದು ಅಂಚಿನಿಂದ ಹೊರಗೆ ಹೋದದ್ದೆಷ್ಟು ಹೊತ್ತಿಗೆ ಎಂದು ಪಕ್ಕದ ಲೋಲಕ ಗಡಿಯಾರ ನೋಡಿ ಬರೆದುಕೊಳ್ಳುವುದು. ಎರಡರ ನಡುವಿನ ಹೊತ್ತು ತಿಳಿದರೆ ವಜ್ರದ ಯಾವ ಎತ್ತರದಲ್ಲಿ ಹಾದುಹೋಯಿತು ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಎರಡರ ಮಧ್ಯದ ಹೊತ್ತು ತಿಳಿದರೆ ಆಕಾಶದಲ್ಲಿ ಪೂರ್ವ ಪಶ್ಚಿಮವಾಗಿ ಎಲ್ಲಿದೆ ಎಂಬುದು ಸಿಗುತ್ತದೆ. ಅಂದರೆ ನಕ್ಷತ್ರದ ವಿಳಾಸ ಎಂದರೆ ಮೂಲದಲ್ಲಿ ಬರೀ ಹೊತ್ತು. ನಾವು ಸಾಫ್ಟ್‌ವೇರಿನವರೂ ದಿನವಿಡೀ ಮಾಡುವುದು ಇದನ್ನೇ. ಸರ್ವರಿನಲ್ಲಿ ಏನು ನಡೆಯಿತು ಎಂದು ತಿಳಿಯಬೇಕಾದರೆ ಮೊದಲು ಎಷ್ಟು ಹೊತ್ತಿಗೆ ನಡೆಯಿತು ಎಂದು ನೋಡುತ್ತೇವೆ.

ಊರಿಗೆ ಮರಳಿದ ಲಕಾಯ್ ದಕ್ಷಿಣದ ಖಾಲಿ ಜಾಗಗಳಲ್ಲಿ 14 ಹೊಸ ಪುಂಜಗಳನ್ನು ಗುರುತಿಸಿದ. ಬಹುಮಟ್ಟಿಗೆ ಎಲ್ಲವೂ ಕಸುಬಿನ ಸಾಮಾನುಗಳು. ಸೂಕ್ಷ್ಮದರ್ಶಕ, ದೂರದರ್ಶಕ, ಕುಲುಮೆ, ಗಾಳಿಯ ಪಂಪು, ಶಿಲ್ಪಿಯ ಕೆಲಸದ ಮನೆ, ಹೀಗೆ. ದೇವತೆಗಳ ಹೆಸರಿಡದೆ ಉಪಕರಣಗಳ ಹೆಸರಿಟ್ಟದ್ದನ್ನು ಹಲವರು ಹಾಸ್ಯ ಮಾಡಿದ್ದಾರೆ. ನನಗೇನೋ ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಲೇಥ್ ಮೆಷಿನ್ನು, ಕಂಪ್ಯೂಟರ್‌ಗೆ ಕುಂಕುಮ ಇಡುವ ನಮ್ಮವರಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ ಎನ್ನಿಸುತ್ತದೆ. ಅವುಗಳಲ್ಲಿ ಅಕ್ಕಪಕ್ಕದಲ್ಲೇ ಇರುವ ಎರಡು ಪುಂಜಗಳು ಆತ ಇಡೀ ಪಟ್ಟಿ ಮಾಡಲು ಬಳಸಿದ ಎರಡು ಸಾಧನಗಳು. ಒಂದು ಗಡಿಯಾರ. ಇನ್ನೊಂದು ದೂರದರ್ಶಕದ ಕಣ್ಣಿನ ಆ ವಜ್ರದಾಕಾರದ ಕಟ್ಟು, ಅದಕ್ಕೆ ರೆಟಿಕ್ಯುಲಂ ಎಂದು ಹೆಸರು. ಗಡಿಯಾರದ ಮೊದಲ ನಕ್ಷತ್ರವೂ ರೆಟಿಕ್ಯುಲಂನ ಮೊದಲ ನಕ್ಷತ್ರವೂ ಇಂದು ಅರ್ಧ ನಿಮಿಷದ ಅಂತರದೊಳಗೆ ದಕ್ಷಿಣೋತ್ತರ ರೇಖೆಯನ್ನು ದಾಟುತ್ತವೆ.

ಯುರೋಪಿನವರು ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ನೋಡಬೇಕಾಗಿದ್ದ ಈ ಆಕಾಶ ನಮಗೆ ಮನೆಯ ಹಿತ್ತಿಲಿನಿಂದಲೇ ಕಾಣುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಾಲ್ಕರ ನಡುವೆ ಅರ್ಧ ಡಿಗ್ರಿಯ ವ್ಯತ್ಯಾಸವೂ ಇಲ್ಲ. ಇಲ್ಲಿಂದ ಉತ್ತರದ ಧ್ರುವ ನಕ್ಷತ್ರವೂ ತಗ್ಗಿನಲ್ಲಿ ಕಾಣುತ್ತದೆ, ದಕ್ಷಿಣದ ಆಕಾಶವೂ ಮುಕ್ಕಾಲು ಪಾಲಿಗಿಂತ ಹೆಚ್ಚು ಕಾಣುತ್ತದೆ.

ಆದರೆ ಕಾಣುವುದು ಬೇರೆ, ಅಳೆಯುವುದು ಬೇರೆ. ನಮ್ಮ ಭಾಗದಲ್ಲಿ ದೂರದರ್ಶಕದಿಂದ ಅಳೆಯುವ ಕೆಲಸ ಬಂದದ್ದು ಕಂಪನಿ ಸರ್ಕಾರದ ಜೊತೆ. ನಾಡನ್ನು ಹಿಡಿಯಲು ನಕ್ಷೆ ಬೇಕು, ನಕ್ಷೆಗೆ ಮತ್ತು ಹಡಗಿಗೆ ನಕ್ಷತ್ರ ಬೇಕು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯ ಒಂದು ಪ್ರಸಂಗ ಇದಕ್ಕೆ ಒಪ್ಪುತ್ತದೆ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ಹೊತ್ತು. ರಾತ್ರಿ ಬೇರ್ಡ್ ಎಂಬ ಸೇನಾಧಿಪತಿಯ ಪಡೆ ಉತ್ತರಕ್ಕೆ, ತನ್ನ ಬಿಡಾರದ ಕಡೆಗೆ ಹಿಂದಿರುಗುತ್ತಿದ್ದೇನೆ ಎಂದುಕೊಂಡು ನಡೆಯುತ್ತಿತ್ತು. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರ ನೋಡಿ, ನಾವು ಹೋಗುತ್ತಿರುವುದು ದಕ್ಷಿಣಕ್ಕೆ, ಟಿಪ್ಪುವಿನ ಪಡೆಯ ಬಾಯಿಗೆ ಎಂದು ಎಚ್ಚರಿಸಿದನಂತೆ. ಟಿಪ್ಪು ಆ ಮೇ 4ರಂದು ಮಡಿದ. ಮೂರು ವರ್ಷದ ಮೇಲೆ, 1802ರಲ್ಲಿ, ಇದೇ ಲ್ಯಾಂಬ್ಟನ್ ಮದ್ರಾಸಿನಲ್ಲಿ ತನ್ನ ಮಹಾ ಮೋಜಣಿಯನ್ನು ಆರಂಭಿಸಿದ. ಅದರ ತ್ರಿಕೋನಗಳು ಮೈಸೂರು ಸೀಮೆಯ ಬೆಟ್ಟದ ತುದಿಗಳ ಮೇಲೂ ಹಾದುಹೋದವು.

ಮದ್ರಾಸಿನಲ್ಲಿ ಆಗಲೇ ಕಂಪನಿಯ ವೀಕ್ಷಣಾಲಯ ಇತ್ತು. 1786ರಲ್ಲಿ ವಿಲಿಯಂ ಪೆಟ್ರಿ ಎಂಬಾತ ಖಾಸಗಿಯಾಗಿ ಆರಂಭಿಸಿದ್ದು. 1792ರಲ್ಲಿ ನುಂಗಂಬಾಕಂನಲ್ಲಿ ಸ್ವಂತ ಕಟ್ಟಡವಾಯಿತು. ಉಪಕರಣ ಅಲುಗಾಡದಂತೆ ನಿಲ್ಲಿಸಿದ ಗ್ರಾನೈಟ್ ಕಂಬ ಇಂದಿಗೂ ಅಲ್ಲಿನ ಹವಾಮಾನ ಇಲಾಖೆಯ ಆವರಣದಲ್ಲಿದೆ. ಅದರ ಮೇಲೆ ತಮಿಳು, ತೆಲುಗು ಅಕ್ಷರಗಳೂ ಕೆತ್ತಿವೆ. 1830ರಲ್ಲಿ ಅಲ್ಲಿಗೆ ಬಂದ ಥಾಮಸ್ ಗ್ಲಾನ್‌ವಿಲ್ ಟೇಲರ್ ದಶಕಕ್ಕೂ ಹೆಚ್ಚು ಕಾಲ ದುಡಿದು 11,015 ನಕ್ಷತ್ರಗಳ ಪಟ್ಟಿ ಮಾಡಿದ. ಯುರೋಪಿನವರು ದಕ್ಷಿಣದ ನಕ್ಷತ್ರಗಳಿಗೆ ಬಹುಕಾಲ ನೆಚ್ಚಿದ ಪಟ್ಟಿಗಳಲ್ಲಿ ಅದೂ ಒಂದು. ಪಟ್ಟಿಯ ಮೇಲೆ ಹೆಸರು ಟೇಲರನದು. ಆದರೆ ರಾತ್ರಿ ನಿದ್ದೆಗೆಟ್ಟು ಹೊತ್ತು ಬರೆದುಕೊಂಡವರಲ್ಲಿ, ಹಗಲು ಅದನ್ನು ಲೆಕ್ಕ ಹಾಕಿದವರಲ್ಲಿ ಬಹಳ ಮಂದಿ ನಮ್ಮ ದಕ್ಷಿಣದವರೇ.

ಅವರಲ್ಲಿ ಒಬ್ಬರ ಹೆಸರನ್ನು ನಾವು ಶಾಲೆಯಲ್ಲಿ ಕೇಳಲೇ ಇಲ್ಲ. ಚಿಂತಾಮಣಿ ರಘುನಾಥಾಚಾರಿ. ಪಂಚಾಂಗ ಮಾಡುವವರ ಮನೆತನ. ಹದಿಹರೆಯದಲ್ಲೇ ಮದ್ರಾಸ್ ವೀಕ್ಷಣಾಲಯಕ್ಕೆ ಸೇರಿ, ಮೇಲಕ್ಕೆ ಬರುತ್ತಾ, ನಾರ್ಮನ್ ಪಾಗ್ಸನ್ ಮುಖ್ಯಸ್ಥನಾಗಿದ್ದ ಕಾಲಕ್ಕೆ ಪ್ರಥಮ ಸಹಾಯಕರಾಗಿದ್ದರು. 1867ರ ಜನವರಿಯಲ್ಲಿ ಅವರು ರೆಟಿಕ್ಯುಲಂ ಪುಂಜದ ಒಂದು ನಕ್ಷತ್ರದ ಬೆಳಕು ಒಂದೇ ಸಮ ಇಲ್ಲದೆ ಏರಿ ಇಳಿಯುತ್ತದೆ ಎಂಬುದನ್ನು ಕಂಡುಹಿಡಿದರು. ಲಕಾಯ್‌ನ ಗಡಿಯಾರದ ಪಕ್ಕದ, ಅದೇ ವಜ್ರದ ಕಟ್ಟಿನ ಪುಂಜ. ಆರ್ ರೆಟಿಕ್ಯುಲಿ ಎಂದು ಆ ನಕ್ಷತ್ರದ ಹೆಸರು. ಅದೂ ದೈತ್ಯವೇ, ಆದರೆ ಕಿತ್ತಳೆಯ ಹಂತ ದಾಟಿ ಕೆಂಪಿಗೆ ತಿರುಗಿ, ಮೈ ಹಿಗ್ಗಿಸಿ ಕುಗ್ಗಿಸುವ ಮುಪ್ಪಿನದು. ಸುಮಾರು 278 ದಿನಕ್ಕೊಮ್ಮೆ ಬರಿಗಣ್ಣಿನ ಎಟುಕಿಗೆ ಕೊಂಚ ಹೊರಗೆ ಇರುವಷ್ಟು ಬೆಳಗಿ, ಮತ್ತೆ ಸಣ್ಣ ದೂರದರ್ಶಕಕ್ಕೂ ಸಿಗದಷ್ಟು ಮಂಕಾಗುತ್ತದೆ. ಮದ್ರಾಸಿನಿಂದ ನೋಡಿದರೆ ಅದು ದಿಗಂತದಿಂದ ಹೆಚ್ಚೆಂದರೆ 14 ಡಿಗ್ರಿ ಮೇಲೇರುತ್ತದೆ. ಸಮುದ್ರ ತೀರದ ಆವಿಯ ನಡುವೆ, ಅಷ್ಟು ತಗ್ಗಿನಲ್ಲಿ ಒಂದು ಚುಕ್ಕಿಯ ಬೆಳಕು ಹಿಂದಿನ ಲೆಕ್ಕಕ್ಕೆ ಹೊಂದುತ್ತಿಲ್ಲ ಎಂದು ಗುರುತಿಸಬೇಕಾದರೆ ಕಣ್ಣು ಎಷ್ಟು ಪಳಗಿರಬೇಕು!

ರಘುನಾಥಾಚಾರಿಯವರು 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣಕ್ಕೆ ವನಪರ್ತಿಗೆ ತಂಡ ಕರೆದುಕೊಂಡು ಹೋದರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. ಹಳೆಯ ಸೂತ್ರಗಳಿಂದ ಲೆಕ್ಕ ಹಾಕಿದ ಪಂಚಾಂಗಕ್ಕೂ ಆಕಾಶದಲ್ಲಿ ನಿಜವಾಗಿ ಕಾಣುವುದಕ್ಕೂ ಅಂತರ ಬಿದ್ದಿದೆ, ಕಣ್ಣಿಗೆ ಕಂಡದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದು ವಾದಿಸಿ ದೃಗ್ಗಣಿತ ಪಂಚಾಂಗ ಹೊರತಂದರು. ಇದಕ್ಕಾಗಿ ತಮ್ಮವರಿಂದಲೇ ವಿರೋಧ ಕಟ್ಟಿಕೊಂಡರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯನ ಬಿಂಬದ ಮೇಲೆ ಹಾದುಹೋಗುವುದಿತ್ತು. ಅದನ್ನು ಜನಸಾಮಾನ್ಯರಿಗೆ ತಿಳಿಸಲು ಅವರು ಒಂದು ಪುಸ್ತಿಕೆ ಬರೆದರು. ಅದು ಇಂಗ್ಲಿಷಿನ ಜೊತೆ ನಮ್ಮ ದೇಶದ ಭಾಷೆಗಳಲ್ಲೂ ಬಂತು, ಕನ್ನಡದಲ್ಲೂ ಬಂತು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಈ ಮಹನೀಯರ ಬಗ್ಗೆ ಬರೆದು ಮತ್ತೆ ನೆನಪಿಗೆ ತಂದಿದ್ದಾರೆ. 1880ರಲ್ಲಿ ರಘುನಾಥಾಚಾರಿ ತೀರಿಕೊಂಡರು. ನಮ್ಮ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಎಂದರೆ ಇಂಗ್ಲಿಷಿನಿಂದ ತಡವಾಗಿ ಇಳಿದು ಬಂದದ್ದು ಎಂದು ನಾನು ಬಹಳ ಕಾಲ ತಿಳಿದಿದ್ದೆ. ನೂರೈವತ್ತು ವರ್ಷದ ಹಿಂದೆಯೇ, ಆಕಾಶದ ಘಟನೆ ನಡೆಯುವ ಮೊದಲೇ, ಅದರ ವಿವರಣೆ ಕನ್ನಡದಲ್ಲಿ ಅಚ್ಚಾಗಿತ್ತು ಎಂದು ಓದಿದ ದಿನ ನನಗೆ ಆದ ಸಂತೋಷ ಕಡಿಮೆಯದಲ್ಲ.

ಸ್ಥಾನ ಗೊತ್ತಾಯಿತು, ಬೆಳಕಿನ ಏರಿಳಿತ ಗೊತ್ತಾಯಿತು. ಆದರೆ ನಕ್ಷತ್ರ ಏನು, ಅದು ಕಿತ್ತಳೆ ಏಕೆ, ದೈತ್ಯ ಏಕೆ ಎಂಬುದು ತಿಳಿಯಲು ಬೆಳಕನ್ನು ಬಿಡಿಸಿ ನೋಡಬೇಕಾಯಿತು. ಹೆನ್ರಿ ಡ್ರೇಪರ್ ಎಂಬ ಅಮೆರಿಕದ ವೈದ್ಯ ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಫೋಟೋ ತೆಗೆಯುವ ಹುಚ್ಚಿನವನು. 1882ರಲ್ಲಿ ತೀರಿಕೊಂಡ. ಆತನ ಹೆಂಡತಿ ಕೊಟ್ಟ ಹಣದಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹೆಂಗಸರ ಒಂದು ತಂಡ ಗಾಜಿನ ಫಲಕಗಳ ಮೇಲಿನ ಆ ಫೋಟೋಗಳನ್ನು ಭೂತಗನ್ನಡಿ ಹಿಡಿದು ವಿಂಗಡಿಸಿತು. ದಕ್ಷಿಣದ ನಕ್ಷತ್ರಗಳ ಫಲಕಗಳು ಪೆರು ದೇಶದಿಂದ ಬರುತ್ತಿದ್ದವು. ಆ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವಳು ಕಿವಿ ಹೆಚ್ಚುಕಡಿಮೆ ಕೇಳದ ಆನಿ ಜಂಪ್ ಕ್ಯಾನನ್. ಬಿಸಿಯಿಂದ ತಂಪಿನ ಕಡೆಗೆ ಓ, ಬಿ, ಎ, ಎಫ್, ಜಿ, ಕೆ, ಎಂ ಎಂದು ಆಕೆ ಜೋಡಿಸಿದ ಸಾಲನ್ನು ಇಂದಿಗೂ ಬಳಸುತ್ತಾರೆ. ನಮ್ಮ ಸೂರ್ಯ ಜಿ. ರೋಹಿಣಿ, ಸ್ವಾತಿ, ಗಡಿಯಾರದ ನಕ್ಷತ್ರ ಮೂರೂ ಕೆ. 1918ರಿಂದ 1924ರವರೆಗೆ ಒಂಬತ್ತು ಸಂಪುಟಗಳಲ್ಲಿ 2,25,300 ನಕ್ಷತ್ರಗಳ ಪಟ್ಟಿ ಅಚ್ಚಾಯಿತು. ಅದಕ್ಕೆ ಹೆನ್ರಿ ಡ್ರೇಪರ್ ಪಟ್ಟಿ, ಚಿಕ್ಕದಾಗಿ ಎಚ್.ಡಿ. ಎಂದು ಹೆಸರು. ನಮ್ಮ ನಕ್ಷತ್ರ ಎಚ್.ಡಿ. 26967.

ಮೊದಲ ಸಲ ಆ ಅಕ್ಷರ ನೋಡಿದಾಗ ನನಗೆ ನೆನಪಾದದ್ದು ಹೆಗ್ಗಡದೇವನಕೋಟೆ. ಆಕಾಶದಲ್ಲಿ ಇಷ್ಟೊಂದು ಎಚ್.ಡಿ. ಇದ್ದರೂ ಕೋಟೆ ಇರುವುದು ಒಂದೇ ಎಂದು ಆಫೀಸಿನಲ್ಲಿ ಹೇಳಿದರೆ ಹೊರಗಿನವರಿಗೆ ಅರ್ಥವಾಗಲಿಲ್ಲ, ಸರಗೂರಿನ ಒಬ್ಬ ಸಹೋದ್ಯೋಗಿ ಮಾತ್ರ ನಕ್ಕ.

ಕೆ ಎಂದರೆ ತಂಪು ಎಂದಷ್ಟೇ ತಿಳಿಯುತ್ತದೆ. ಅದೇ ಕಿತ್ತಳೆ ಬಣ್ಣದ ನಕ್ಷತ್ರ ಹತ್ತಿರದ ಕುಳ್ಳನೂ ಆಗಿರಬಹುದು, ದೂರದ ದೈತ್ಯನೂ ಆಗಿರಬಹುದು. ರಾತ್ರಿ ಹೆದ್ದಾರಿಯಲ್ಲಿ ಎದುರಿಗೆ ಕಾಣುವ ದೀಪ ಹತ್ತಿರದ ಸೈಕಲ್ಲಿನದೋ ದೂರದ ಲಾರಿಯದೋ ಎಂದು ಗೊತ್ತಾಗದ ಹಾಗೆ. ಇದನ್ನು ಬಿಡಿಸಿದವರಲ್ಲಿ ಒಬ್ಬರು ಎಂ.ಕೆ. ವೇಣು ಬಾಪ್ಪು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದವರ ಮಗ. ಅಮೆರಿಕದಲ್ಲಿ ಓಲಿನ್ ವಿಲ್ಸನ್ ಜೊತೆ ಸೇರಿ 1957ರಲ್ಲಿ ಅವರು ಪ್ರಕಟಿಸಿದ ಸಂಗತಿಗೆ ವಿಲ್ಸನ್ ಬಾಪ್ಪು ಪರಿಣಾಮ ಎಂದೇ ಹೆಸರು. ತಂಪು ನಕ್ಷತ್ರಗಳ ಬೆಳಕನ್ನು ಬಿಡಿಸಿದರೆ ನೇರಳೆಯ ಅಂಚಿನಲ್ಲಿ ಕ್ಯಾಲ್ಸಿಯಂನ ಒಂದು ಕಪ್ಪು ಗೆರೆ ಕಾಣುತ್ತದೆ. ನಮ್ಮ ರಾಗಿಯಲ್ಲಿರುವ ಅದೇ ಕ್ಯಾಲ್ಸಿಯಂ. ಆ ಕಪ್ಪು ಗೆರೆಯ ನಡುವೆ ಒಂದು ಸಣ್ಣ ಬೆಳಕಿನ ಎಳೆ ಇರುತ್ತದೆ. ಆ ಎಳೆ ಅಗಲವಾದಷ್ಟೂ ನಕ್ಷತ್ರದ ನಿಜವಾದ ಬೆಳಕು ಹೆಚ್ಚು. ನಿಜವಾದ ಬೆಳಕು ತಿಳಿದು, ಕಾಣುವ ಬೆಳಕನ್ನೂ ಅಳೆದರೆ ದೂರ ಲೆಕ್ಕಕ್ಕೆ ಸಿಗುತ್ತದೆ. ಲಾರಿಯೋ ಸೈಕಲ್ಲೋ ಎಂಬುದನ್ನು ದೀಪದಿಂದಲೇ ಹೇಳಿದ ಹಾಗಾಯಿತು.

ಇಂಥ ದೈತ್ಯಗಳು ಹುಟ್ಟಿನಿಂದ ದೈತ್ಯಗಳಲ್ಲ. ಒಂದು ಕಾಲಕ್ಕೆ ಹೆಚ್ಚುಕಡಿಮೆ ನಮ್ಮ ಸೂರ್ಯನ ಹಾಗೆ ಇದ್ದು, ಒಡಲಿನ ನಡುವೆ ಇದ್ದ ಜಲಜನಕ ಉರಿದು ಮುಗಿದ ಮೇಲೆ ಒಳಗೆ ಕುಗ್ಗಿ ಹೊರಗೆ ಉಬ್ಬಿದವು. ಉಬ್ಬಿದ ಮೈ ತಣ್ಣಗಾಗಿ ಕಿತ್ತಳೆಯಾಯಿತು. ಸುಮಾರು 500 ಕೋಟಿ ವರ್ಷದ ಮೇಲೆ ಸೂರ್ಯನದೂ ಇದೇ ಪಾಡು. 2020ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳೂ ಇದ್ದ ಒಂದು ತಂಡ ಇನ್ನೊಂದು ಸಂಗತಿ ತೋರಿಸಿತು. ಸೂರ್ಯನಷ್ಟು ತೂಕದ ನಕ್ಷತ್ರಗಳು ದೈತ್ಯವಾಗಿ ಹೀಲಿಯಂ ಉರಿಸತೊಡಗುವ ಹೊತ್ತಿಗೆ ತಮ್ಮೊಳಗೆ ಹೊಸದಾಗಿ ಲಿಥಿಯಂ ಉಂಟುಮಾಡುತ್ತವೆ ಎಂದು. ಮೊಬೈಲ್ ಬ್ಯಾಟರಿಯ ಲಿಥಿಯಂ ಅದೇ ಧಾತು.

ಮತ್ತೆ ಬಾಪ್ಪು ಅವರ ಕಡೆಗೆ ಬರುತ್ತೇನೆ. ಮದ್ರಾಸ್ ವೀಕ್ಷಣಾಲಯ 1899ರಲ್ಲಿ ಕೊಡೈಕನಾಲಿಗೆ ಹೋಗಿ ಸೂರ್ಯನ ಅಧ್ಯಯನಕ್ಕೆ ನಿಂತಿತ್ತು. 1960ರಲ್ಲಿ ಅದರ ನಿರ್ದೇಶಕರಾದ ಬಾಪ್ಪು ರಾತ್ರಿಯ ಆಕಾಶಕ್ಕೆಂದೇ ಹೊಸ ಜಾಗ ಹುಡುಕತೊಡಗಿದರು. ದಕ್ಷಿಣದ ನಕ್ಷತ್ರಗಳು ಚೆನ್ನಾಗಿ ಕಾಣಬೇಕು, ಉತ್ತರದವೂ ಕೈತಪ್ಪಬಾರದು, ಊರಿನ ದೀಪ ಹತ್ತಿರ ಇರಬಾರದು. ಕೊನೆಗೆ ಆರಿಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರು. 1968ರಲ್ಲಿ 38 ಸೆಂಟಿಮೀಟರಿನ ದೂರದರ್ಶಕದಿಂದ ಅಲ್ಲಿ ಕೆಲಸ ಆರಂಭವಾಯಿತು. 1972ರಲ್ಲಿ 1 ಮೀಟರಿನದು ಬಂತು. ದೇಶದಲ್ಲೇ ತಯಾರಾಗಬೇಕು ಎಂದು ಅವರು ಹಟ ಹಿಡಿದ 2.34 ಮೀಟರಿನ ದೂರದರ್ಶಕವನ್ನು ನೋಡಲು ಅವರು ಉಳಿಯಲಿಲ್ಲ. 1982ರಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ಅದನ್ನು ಉದ್ಘಾಟಿಸಿ ಅವರ ಹೆಸರನ್ನೇ ಇಟ್ಟರು.

ಕಾವಲೂರಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಕೆ.ಆರ್. ನಗರದ್ದು ಅದಕ್ಕಿಂತ ಕೊಂಚ ಕಡಿಮೆ, ಹುಣಸೂರು, ಪಿರಿಯಾಪಟ್ಟಣದ್ದು ಇನ್ನೊಂದಿಷ್ಟು ಕಡಿಮೆ, ಕೋಟೆಯದ್ದು ಮತ್ತೂ ಕಡಿಮೆ. ಅಂದರೆ ಬಾಪ್ಪು ವರ್ಷಗಟ್ಟಲೆ ಹುಡುಕಿ ಆರಿಸಿದ ಆಕಾಶ ಮತ್ತು ನಮ್ಮ ಶಾಲೆಯ ಮೇಲಿನ ಆಕಾಶ ಒಂದೇ. ದಕ್ಷಿಣದ ಮಟ್ಟಿಗೆ ನಮಗೇ ಒಂದು ಕೂದಲೆಳೆ ಹೆಚ್ಚು. ನಮಗೆ ಮೋಡ ಹೆಚ್ಚು, ಮಳೆ ಹೆಚ್ಚು, ಅದು ಬೇರೆ ಮಾತು. ಆದರೆ ಮೋಡ ಸರಿದ ರಾತ್ರಿಗಳಲ್ಲಿ ಈ ನಕ್ಷತ್ರವನ್ನು ಹೆಸರು ತಿಳಿಯದೆ ಹೆಚ್ಚು ಸಲ ನೋಡಿರುವವರು ಬಹುಶಃ ನಮ್ಮ ಬ್ಯಾರನ್ ಕಾಯುವವರು. ಸೆಪ್ಟೆಂಬರ್ ತಿಂಗಳ ನಡುವೆ ಬೆಳಗಿನ ಜಾವ ಐದರ ಹೊತ್ತಿಗೆ, ಅಕ್ಟೋಬರ್ ನಡುವೆ ಮೂರರ ಹೊತ್ತಿಗೆ ಇದು ಸರಿಯಾಗಿ ದಕ್ಷಿಣಕ್ಕೆ ಬಂದು ನಿಲ್ಲುತ್ತದೆ. ಸೊಪ್ಪು ಬೇಯುವಾಗ ಬೆಂಕಿ ಹದ ತಪ್ಪದಂತೆ ರಾತ್ರಿಯೆಲ್ಲ ಎದ್ದೆದ್ದು ನೋಡುವ ಕೆಲಸ ಅದು. ಕಣ್ಣಿಗೆ ನಿದ್ದೆ ಹತ್ತದಿರಲಿ ಎಂದು ಹೊರಗೆ ಬಂದು ನಿಂತಾಗ ಮೇಲೆ ರೋಹಿಣಿ, ಎದುರಿಗೆ ಗಡಿಯಾರ.

ನಾನೀಗ ಇರುವ ಬೆಂಗಳೂರಿನ ಬಡಾವಣೆಯಲ್ಲಿ ರೋಹಿಣಿ ಕಂಡರೇ ಹೆಚ್ಚು. ಗಡಿಯಾರದ ನಕ್ಷತ್ರ ಕಾಣುವ ಮಾತೇ ಇಲ್ಲ. ಮೈಸೂರಿನ ದೀಪದ ಮಂಕು ಈಗ ಹುಣಸೂರು ರಸ್ತೆಯುದ್ದಕ್ಕೂ ಬೆಳೆದುಕೊಂಡು ಬರುತ್ತಿದೆ. ಆದರೆ ನಮ್ಮ ಅದೃಷ್ಟಕ್ಕೆ ಈ ನಾಲ್ಕು ತಾಲ್ಲೂಕಿನ ದಕ್ಷಿಣಕ್ಕೆ ಇರುವುದು ಊರಲ್ಲ, ಕಾಡು. ನಾಗರಹೊಳೆ, ಕಬಿನಿ ಹಿನ್ನೀರು, ಬಂಡೀಪುರ, ಆಚೆಗೆ ವೈನಾಡು. ಉತ್ತರ, ಪೂರ್ವದ ಆಕಾಶ ಕೆಟ್ಟರೂ ದಕ್ಷಿಣದ ತಗ್ಗಿನ ಆಕಾಶ ನಮಗೆ ಇನ್ನೂ ಉಳಿದಿದೆ. ಗಡಿಯಾರ, ರೆಟಿಕ್ಯುಲಂ ಎರಡೂ ಇರುವುದು ಅಲ್ಲೇ.

ಈ ಲೇಖನ ಬರೆಯಲು ಇನ್ನೊಂದು ಕಾರಣವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸುವರ್ಣ ಮಹೋತ್ಸವದ ಕೊಡುಗೆಯಾಗಿ ಮೈದಾನಕ್ಕೆ ಹೈಮಾಸ್ಟ್ ದೀಪ ಹಾಕಿಸಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ತೀರ್ಮಾನವಾಗಿದೆ. ನಾನೂ ನನ್ನ ಪಾಲು ಕೊಟ್ಟಿದ್ದೇನೆ. ಸಂಜೆ ಕಬಡ್ಡಿ ಆಡುವ ಮಕ್ಕಳಿಗೆ, ಕಾರ್ಯಕ್ರಮಗಳಿಗೆ ಬೆಳಕು ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಕೋರಿಕೆ ಇಷ್ಟೇ. ಅದು ತಾನಾಗಿ ಹೊತ್ತಿ ಬೆಳಗಿನವರೆಗೆ ಉರಿಯುವಂಥದ್ದು ಬೇಡ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲೋ ಎಸ್.ಡಿ.ಎಂ.ಸಿ. ಅಧ್ಯಕ್ಷರ ಬಳಿಯೋ ಒಂದು ಸ್ವಿಚ್ಚು ಇರಲಿ. ದೀಪದ ಮುಖ ನೆಲದ ಕಡೆಗೆ ತಿರುಗಿರಲಿ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ, ಇದ್ದರೆ ನಾನು ಕೊಡುತ್ತೇನೆ.

ಮತ್ತು ಸಂಕ್ರಾಂತಿಯ ರಾತ್ರಿ, ಎಳ್ಳು ಬೀರಿ, ಕಿಚ್ಚು ಹಾಯಿಸಿ ಎಲ್ಲ ಮುಗಿದ ಮೇಲೆ, ಒಂಬತ್ತು ಗಂಟೆಗೆ ಆ ಸ್ವಿಚ್ಚು ಆರಿಸಿ. ಕಣ್ಣು ಕತ್ತಲೆಗೆ ಹೊಂದಲು ಹತ್ತು ಹದಿನೈದು ನಿಮಿಷ ಬೇಕು, ಆಗ ಮೊಬೈಲ್ ನೋಡಬಾರದು. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎಡಗಡೆ ತಗ್ಗಿನಲ್ಲಿ ಬಹಳ ಹೊಳೆಯುವುದು ಅಗಸ್ತ್ಯ. ಬಲಗಡೆ, ಅದಕ್ಕಿಂತಲೂ ತಗ್ಗಿನಲ್ಲಿ, ಅಷ್ಟೇ ದೂರದಲ್ಲಿ ಹೊಳೆಯುವುದು ಅಕರ್ನಾರ್. ಎರಡರ ನಟ್ಟನಡುವೆ ಮೇಲಕ್ಕೆ ನೋಡಿ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಅಳೆದರೆ ದಿಗಂತದಿಂದ ಮೂರೂವರೆ ಮುಷ್ಟಿ ಮೇಲೆ ಆ ನಕ್ಷತ್ರ. ನೇರ ಕೆಳಗೆ, ಒಂದೂವರೆ ಮುಷ್ಟಿಯ ಎತ್ತರದಲ್ಲಿ ಇನ್ನೊಂದು ಕಂಡರೆ ಅದು ರೆಟಿಕ್ಯುಲಂನದು. ರಘುನಾಥಾಚಾರಿಯವರ ನಕ್ಷತ್ರ ಅದರ ಪಕ್ಕದಲ್ಲೇ ಎಲ್ಲೋ ಇದೆ, ಬರಿಗಣ್ಣಿಗೆ ಸಿಗುವುದಿಲ್ಲ. ಗಡಿಯಾರದ ಕಿತ್ತಳೆ ಬಣ್ಣವೂ ಬರಿಗಣ್ಣಿಗೆ ಚೆನ್ನಾಗಿ ತಿಳಿಯುವುದಿಲ್ಲ, ಬೈನಾಕ್ಯುಲರ್ ಬೇಕು. ನನ್ನ ಹತ್ತಿರ ಒಂದಿದೆ, ಹಬ್ಬಕ್ಕೆ ಬರುವಾಗ ತರುತ್ತೇನೆ.